ತುಕ್ಕಿಗೆ ಬಗ್ಗದ ಸೋಯಾ ಅವರೆ ಮತ್ತು ನಮ್ಮ ಗದ್ದೆಯ ಅಲಸಂಡೆ



ಈ ಲೇಖನಕ್ಕೆ ಕಾರಣರಾದವರು ನಮ್ಮ ಬ್ಲಾಕಿನ ಒಬ್ಬ ಅಕ್ಕನವರು. ಕಳೆದ ಫೆಬ್ರವರಿಯಲ್ಲಿ ಪಡೀಲಿನ ರೈಲು ನಿಲ್ದಾಣದಿಂದ ಕೆಳಗಿಳಿದು ಕಣ್ಣೂರಿನ ಕಡೆಗೆ ಹೋಗುವಾಗ, ಮನೆ ಮತ್ತು ರಸ್ತೆಗಳ ನಡುವೆ ಇನ್ನೂ ಉಳಿದಿರುವ ಕೆಲವೇ ಗದ್ದೆಗಳಲ್ಲಿ ಒಂದನ್ನು ನೋಡಲು ಹೋಗಿದ್ದೆ. ಏಣೆಲು ಬೆಳೆ ಕೊಯ್ದ ಮೇಲೆ ಆ ಗದ್ದೆಗೆ ಅಲಸಂಡೆ ಹಾಕಿದ್ದರು. ದೂರದಿಂದ ಬೆಳೆ ಚೆನ್ನಾಗಿಯೇ ಕಾಣುತ್ತಿತ್ತು. ಹತ್ತಿರ ಹೋಗಿ ಒಂದು ಎಲೆಯನ್ನು ಮಗುಚಿ ಹೆಬ್ಬೆರಳಿನಿಂದ ಒರಸಿದಾಗ ಬೆರಳಿಗೆ ಇಟ್ಟಿಗೆಯ ಹುಡಿಯಂತಹ ಕಂದು ಹುಡಿ ಹತ್ತಿತು. ತುಕ್ಕು ರೋಗ.

ನಾನು ಕೂಡಲೇ ಔಷಧದ ಹೆಸರು ಹೇಳಲು ಬಾಯಿ ತೆರೆದೆ. ಅಕ್ಕನವರು ತಡೆದರು. "ಅಲ್ಲ ಮಾರಾಯ್ರೆ, ನಾನು ಎರಡು ದಿನಕ್ಕೊಮ್ಮೆ ಅಲಸಂಡೆ ಕೊಯ್ದು ಕಂಕನಾಡಿಗೆ ಕೊಂಡುಹೋಗುವುದು. ಇವತ್ತು ಔಷಧ ಹೊಡೆದರೆ ನಾಡಿದ್ದು ಕೊಯ್ಯಲಿಕ್ಕುಂಟಾ? ಮಕ್ಕಳೂ ಇದನ್ನೇ ತಿನ್ನುವುದು. ಈ ರೋಗವೇ ಬಾರದ ಬೀಜ ನಿಮ್ಮ ಇಲಾಖೆಯಲ್ಲಿ ಇಲ್ಲವಾ?" ಎಂದು ಕೇಳಿದರು.

"ನೋಡುವ" ಎಂದು ಹೇಳಿ ಬಂದುಬಿಟ್ಟೆ. ಡಿಪ್ಲೊಮಾ ಓದಿದವನು ಹೇಳಬೇಕಾದ ಉತ್ತರ ಅದಲ್ಲವೆಂದು ದಾರಿಯುದ್ದಕ್ಕೂ ಅನಿಸಿತು. ಅವರ ಪ್ರಶ್ನೆ ಸಣ್ಣದಲ್ಲ. ರೋಗ ಬಂದ ಮೇಲೆ ಔಷಧ ಹೊಡೆಯುವುದು ಒಂದು ದಾರಿಯಾದರೆ, ರೋಗಕ್ಕೆ ಬಗ್ಗದ ತಳಿಯನ್ನೇ ಕಟ್ಟುವುದು ಇನ್ನೊಂದು ದಾರಿ. ಈ ಎರಡನೆಯ ದಾರಿಯಲ್ಲಿ ನಮ್ಮ ರಾಜ್ಯದಲ್ಲೇ ಒಂದು ದೊಡ್ಡ ಕೆಲಸ ನಡೆದಿದೆ. ಅದು ನಡೆದದ್ದು ಅಲಸಂಡೆಯಲ್ಲಿ ಅಲ್ಲ, ಸೋಯಾ ಅವರೆಯಲ್ಲಿ. ಪಡೀಲು, ಅಡ್ಯಾರು, ನೀರುಮಾರ್ಗದ ಗದ್ದೆಗಳಲ್ಲಿ ಸೋಯಾ ಇಲ್ಲ. ನಿಮ್ಮಲ್ಲಿ ಹೆಚ್ಚಿನವರಿಗೆ ಅದರ ಪರಿಚಯ ಎಣ್ಣೆಯ ಪೊಟ್ಟಣದಿಂದ ಅಥವಾ ಕೋಳಿಯ ಆಹಾರದ ಚೀಲದಿಂದ ಮಾತ್ರ. ಆದರೂ ಈ ಕತೆಯನ್ನು ಒಮ್ಮೆ ಕೇಳಿರಿ. ಕೊನೆಗೆ ನಮ್ಮ ಅಲಸಂಡೆಯ ಸಾಲಿಗೇ ಬರುತ್ತೇನೆ.

ಸೋಯಾ ಅವರೆಯ ಕಾಳಿನಲ್ಲಿ ನೂರಕ್ಕೆ ಸುಮಾರು 40 ಪಾಲು ಸಸಾರಜನಕ, ಸುಮಾರು 20 ಪಾಲು ಎಣ್ಣೆ. ಬೇರೆ ಯಾವ ಬೇಳೆಯಲ್ಲೂ ಈ ಎರಡು ಒಟ್ಟಿಗೆ ಇಷ್ಟು ಇರುವುದಿಲ್ಲ. 1960ರ ದಶಕದಲ್ಲಿ ಪಂತನಗರ ಮತ್ತು ಜಬಲ್ಪುರದ ಕೃಷಿ ವಿಶ್ವವಿದ್ಯಾನಿಲಯಗಳು ಈ ಬೆಳೆಯನ್ನು ಕೈಗೆತ್ತಿಕೊಂಡ ಮೇಲೆ ಅದು ಉತ್ತರದಿಂದ ಕೆಳಕ್ಕೆ ಹಬ್ಬಿತು. ನಮ್ಮ ರಾಜ್ಯದಲ್ಲಿ ಅದಕ್ಕೆ ನೆಲೆ ಸಿಕ್ಕಿದ್ದು ಬೀದರ, ಬೆಳಗಾವಿ, ಧಾರವಾಡದ ಕಡೆಯ ಕಪ್ಪು ಮಣ್ಣಿನಲ್ಲಿ. ಜೂನ್ ತಿಂಗಳ ಮಳೆಗೆ ಬಿತ್ತಿದರೆ ಮೂರು ತಿಂಗಳು ಚಿಲ್ಲರೆ ದಿನಗಳಲ್ಲಿ ಕೊಯ್ಲು, ಅದೇ ನೆಲದಲ್ಲಿ ಹಿಂಗಾರಿಗೆ ಕಡಲೆಯನ್ನೋ ಜೋಳವನ್ನೋ ಹಾಕಬಹುದು. ರೈತನಿಗೆ ಇಷ್ಟವಾಗಲು ಅಷ್ಟು ಸಾಕು.

1994ರಲ್ಲಿ ಎರಡು ಸಂಗತಿಗಳು ಒಟ್ಟಿಗೆ ನಡೆದವು. ಜಬಲ್ಪುರದವರು ಜೆ.ಎಸ್. 335 ಎಂಬ ತಳಿಯನ್ನು ಬಿಡುಗಡೆ ಮಾಡಿದರು. ಅದು ಎಷ್ಟು ಒಳ್ಳೆಯ ಇಳುವರಿ ಕೊಟ್ಟಿತೆಂದರೆ ಕೆಲವು ವರ್ಷಗಳಲ್ಲಿ ಮಧ್ಯಪ್ರದೇಶದಿಂದ ನಮ್ಮ ಧಾರವಾಡದವರೆಗೆ ಹೊಲದ ಮೇಲೆ ಹೊಲ ಅದೇ ತಳಿಯಾಯಿತು. ಅದೇ ವರ್ಷ ಮಧ್ಯಪ್ರದೇಶ, ಮಹಾರಾಷ್ಟ್ರ ಮತ್ತು ಕರ್ನಾಟಕದ ಸೋಯಾ ಬೆಳೆಗೆ ತುಕ್ಕು ರೋಗ ಮಾರಿಯಂತೆ ಬಡಿಯಿತು. ಆಮೇಲೆ ಕೃಷ್ಣಾ ಹೊಳೆಯ ಕಣಿವೆಯಲ್ಲಿ, ಅಂದರೆ ಮಹಾರಾಷ್ಟ್ರದ ಸಾತಾರಾ, ಸಾಂಗಲಿ, ಕೊಲ್ಹಾಪುರ ಮತ್ತು ನಮ್ಮ ಬೆಳಗಾವಿ, ಧಾರವಾಡಗಳಲ್ಲಿ, ಅದು ಮನೆಯ ನೆಂಟನಂತೆ ಪದೇ ಪದೇ ಬರತೊಡಗಿತು. ಜೆ.ಎಸ್. 335ಕ್ಕೆ ಎಲ್ಲ ಗುಣಗಳೂ ಇದ್ದವು, ತುಕ್ಕನ್ನು ತಡೆಯುವ ಗುಣವೊಂದೇ ಇರಲಿಲ್ಲ.

ಈ ತುಕ್ಕು ಎಂಬುದು ಏನು? ಕಬ್ಬಿಣದ ತುಕ್ಕಿಗೂ ಇದಕ್ಕೂ ಬಣ್ಣದ ಹೋಲಿಕೆ ಬಿಟ್ಟರೆ ಸಂಬಂಧವಿಲ್ಲ. ಇದು ಒಂದು ಬಗೆಯ ಬೂಷ್ಟು, ಪುಸ್ತಕದ ಮಾತಿನಲ್ಲಿ ಶಿಲೀಂಧ್ರ. ಸೋಯಾ ತುಕ್ಕಿನ ಬೂಷ್ಟಿಗೆ ಫಾಕೋಪ್ಸೊರಾ ಪ್ಯಾಕಿರೈಝಿ ಎಂದು ಹೆಸರಿಟ್ಟಿದ್ದಾರೆ. ಹೆಸರು ಮರೆತರೆ ಬಾಧಕವಿಲ್ಲ, ನನಗೂ ಬಾಯಿಪಾಠವಾಗಲು ಒಂದು ವಾರ ಹಿಡಿದಿತ್ತು. ಮರೆಯಬಾರದ ಸಂಗತಿ ಬೇರೆ: ನಮ್ಮ ಉಪ್ಪಿನಕಾಯಿಯ ಭರಣಿಗೆ ಬರುವ ಬೂಷ್ಟಿನ ಹಾಗೆ ಇದು ಸತ್ತ ವಸ್ತುವಿನ ಮೇಲೆ ಬೆಳೆಯುವುದಿಲ್ಲ. ಇದಕ್ಕೆ ಹಸಿರು ಎಲೆಯೇ ಬೇಕು, ಅದೂ ಜೀವವಿರುವ ಎಲೆ. ಎಲೆ ಸತ್ತರೆ ಇದಕ್ಕೂ ಊಟವಿಲ್ಲ.

ಗಾಳಿಯಲ್ಲಿ ತೇಲಿಬಂದ ಒಂದು ಬೀಜಕಣ ಎಲೆಯ ಮೇಲೆ ಕುಳಿತುಕೊಳ್ಳುತ್ತದೆ. ಎಲೆ ಒಣಗಿದ್ದರೆ ಅದರಿಂದ ಏನೂ ಆಗದು. ಮಳೆಯಿಂದಲೋ ಇಬ್ಬನಿಯಿಂದಲೋ ಎಲೆ ಆರು ಗಂಟೆಗೂ ಮಿಕ್ಕಿ ಒದ್ದೆಯಾಗಿದ್ದು, ಹವೆ ತಂಪಾಗಿದ್ದರೆ ಆ ಕಣ ಮೊಳೆಯುತ್ತದೆ. ಹೆಚ್ಚಿನ ತುಕ್ಕುಗಳು ಎಲೆಯ ಉಸಿರಾಟದ ಸಣ್ಣ ಬಾಯಿಗಳ ಮೂಲಕ ಒಳಗೆ ನುಗ್ಗುತ್ತವೆ. ಸೋಯಾದ ತುಕ್ಕು ಹಾಗಲ್ಲ, ಎಲೆಯ ಚರ್ಮವನ್ನೇ ಕೊರೆದು ಒಳಹೊಗುತ್ತದೆ. ಒಂದು ವಾರದಲ್ಲಿ ಸೂಜಿಮೊನೆಯಷ್ಟು ಚುಕ್ಕಿ ಕಾಣುತ್ತದೆ. ಇನ್ನೆರಡು ಮೂರು ದಿನಗಳಲ್ಲಿ ಎಲೆಯ ಕೆಳಬದಿಯಲ್ಲಿ ಸಣ್ಣ ಗುಳ್ಳೆಗಳು ಎದ್ದು ಒಡೆದು ಹೊಸ ಹುಡಿ ಹೊರಬರುತ್ತದೆ. ಹೀಗೆ ಹತ್ತು ದಿನಕ್ಕೊಂದು ತಲೆಮಾರು. ಒಂದು ಎಲೆಯಿಂದ ಹೊರಟ ಹುಡಿ ಇಡೀ ಹೊಲಕ್ಕೆ ಸಾಲುತ್ತದೆ.

ಮೊದಲು ಕೆಳಗಿನ ಎಲೆಗಳು, ಬಳಿಕ ಮೇಲಿನವು. ಹೂ ಬಿಡುವ ಸಮಯದಲ್ಲಿ ಹೊಲ ಹಳದಿಯಾಗಿ, ಕಾಯಿ ತುಂಬಬೇಕಾದ ಹೊತ್ತಿಗೆ ಎಲೆಯೆಲ್ಲ ಉದುರುತ್ತದೆ. ಕಾಯಿ ಇರುತ್ತದೆ, ಕಾಳು ಜೊಳ್ಳು. ರೋಗ ಬಂದ ಸಮಯವನ್ನು ಹೊಂದಿಕೊಂಡು ನೂರಕ್ಕೆ ಹತ್ತರಿಂದ ಎಂಬತ್ತರವರೆಗೆ ನಷ್ಟವಾಗುವುದುಂಟು. ಬ್ಯಾಂಕಿನಿಂದ ಸಾಲ ತಂದು ಬಿತ್ತಿದ ರೈತನಿಗೆ ಇದೆಂದರೆ ಏನೆಂದು ನಿಮಗೆ ನಾನು ವಿವರಿಸಬೇಕಾಗಿಲ್ಲ. ನಮ್ಮ ಅಡಿಕೆಗೆ ಕೊಳೆರೋಗ ಬಂದ ವರ್ಷವನ್ನು ನೆನೆದುಕೊಂಡರೆ ಸಾಕು.

ಔಷಧವಿಲ್ಲವೆಂದಲ್ಲ. ಹೆಕ್ಸಕೊನಝೋಲ್ ಅಥವಾ ಪ್ರೊಪಿಕೊನಝೋಲನ್ನು ಲೀಟರು ನೀರಿಗೆ 1 ಮಿ.ಲೀ.ನಂತೆ ಬೆರೆಸಿ, ರೋಗ ಕಾಣಿಸಿದ ಕೂಡಲೇ ಎಲೆಯ ಕೆಳಬದಿಗೂ ತಾಗುವಂತೆ ಹೊಡೆದರೆ ಸೋಯಾದ ತುಕ್ಕು ಹತೋಟಿಗೆ ಬರುತ್ತದೆ. ತೊಡಕೇನೆಂದರೆ, ರೋಗ ಬರುವುದು ಆಗಸ್ಟಿನ ಜಡಿಮಳೆಯಲ್ಲಿ. ಕಪ್ಪು ಮಣ್ಣಿನ ಹೊಲದಲ್ಲಿ ಆಗ ಕಾಲಿಡಲು ಸಾಧ್ಯವಿಲ್ಲ. ಹೊಡೆದ ಔಷಧ ಮಳೆಗೆ ತೊಳೆದುಹೋಗುತ್ತದೆ. ಎರಡನೆಯ ಸಲ ಹೊಡೆಯಬೇಕಾದರೆ ಕೂಲಿ, ಔಷಧ ಎರಡರ ಖರ್ಚೂ ಇನ್ನೊಮ್ಮೆ. ಬೀಜದಲ್ಲೇ ಗುಣವಿದ್ದರೆ ಈ ಪಾಡಿಲ್ಲ. ಆದುದರಿಂದಲೇ ಧಾರವಾಡದ ಕೃಷಿ ವಿಜ್ಞಾನಗಳ ವಿಶ್ವವಿದ್ಯಾನಿಲಯದವರು ತಳಿ ಕಟ್ಟುವ ಕೆಲಸಕ್ಕೆ ಕೈಹಾಕಿದರು.

ತಳಿ ಕಟ್ಟಲು ಮೊದಲು ಬೇಕಾದದ್ದು ಗುಣ ಇರುವ ಒಂದು ಗಿಡ. ಇಲ್ಲದ ಗುಣವನ್ನು ಯಾರೂ ಸೃಷ್ಟಿಸಲಾರರು, ಎಲ್ಲೋ ಇರುವುದನ್ನು ಹುಡುಕಿ ತರಬೇಕು. ಹೊರದೇಶಗಳಿಂದ ಬರುವ ಬೀಜಗಳಿಗೆ ದೆಹಲಿಯ ರಾಷ್ಟ್ರೀಯ ಸಸ್ಯ ತಳಿ ಸಂಪನ್ಮೂಲ ಸಂಸ್ಥೆಯವರು ಇ.ಸಿ. ಎಂಬ ಅಕ್ಷರಗಳೊಂದಿಗೆ ಒಂದು ನಂಬರು ಕೊಡುತ್ತಾರೆ. ಇಂತಹ ಬಗೆಬಗೆಯ ಸೋಯಾಗಳನ್ನು ತಂದು ಬೆಳಗಾವಿ ಜಿಲ್ಲೆಯ ಉಗಾರ ಖುರ್ದದಲ್ಲಿ ಸಾಲು ಸಾಲಾಗಿ ಬಿತ್ತಿ ಪರೀಕ್ಷಿಸಿದರು. ಉಗಾರ ಕೃಷ್ಣಾ ತೀರದ ಊರು, ತುಕ್ಕಿಗೆ ತವರುಮನೆಯಿದ್ದಂತೆ. ಪರೀಕ್ಷೆಗೆ ಇಂಥ ಊರೇ ಬೇಕು. ರೋಗವೇ ಬಾರದ ಕಡೆ ಬಿತ್ತಿ "ಈ ಗಿಡಕ್ಕೆ ರೋಗವಿಲ್ಲ" ಎಂದರೆ ಅದಕ್ಕೆ ಏನು ಬೆಲೆ? ಅಷ್ಟೂ ಸಾಲದೆಂದು ಪರೀಕ್ಷೆಯ ಸಾಲುಗಳ ನಡುನಡುವೆ ತುಕ್ಕಿಗೆ ಬೇಗ ತುತ್ತಾಗುವ ತಳಿಯನ್ನು ಬೇಕೆಂದೇ ಬಿತ್ತುತ್ತಾರೆ. ಅದು ಹುಡಿಯ ಕಾರ್ಖಾನೆಯಂತೆ ನಿಂತು ಅಕ್ಕಪಕ್ಕದ ಎಲ್ಲ ಸಾಲುಗಳಿಗೂ ರೋಗವನ್ನು ಸಮನಾಗಿ ಹಂಚುತ್ತದೆ.

ಆಮೇಲೆ ಅಂಕ ಹಾಕುವುದು. ಶಾಲೆಯಲ್ಲಿ ಹೆಚ್ಚು ಅಂಕ ಬಂದವನು ಜಾಣ, ಇಲ್ಲಿ ಕಡಿಮೆ ಬಂದದ್ದು ಜಾಣ ಗಿಡ. ಎಲೆಯ ಮೇಲೆ ಚುಕ್ಕಿಯೇ ಇಲ್ಲದಿದ್ದರೆ 0, ಎಲೆಯ ನೂರರಲ್ಲಿ ಒಂದು ಪಾಲಿನವರೆಗೆ ಇದ್ದರೆ 1, ಹತ್ತರವರೆಗೆ 3, ಇಪ್ಪತ್ತೈದರವರೆಗೆ 5, ಐವತ್ತರವರೆಗೆ 7, ಅರ್ಧಕ್ಕಿಂತ ಹೆಚ್ಚಾದರೆ 9. ಚುಕ್ಕಿಯ ಬಣ್ಣವನ್ನೂ ನೋಡುತ್ತಾರೆ. ಸೋತ ಗಿಡದ ಚುಕ್ಕಿ ತಿಳಿ ಕಂದು, ತುಂಬ ಹುಡಿ ಉದುರುತ್ತದೆ. ತಡೆಯುವ ಗಿಡದಲ್ಲಿ ಚುಕ್ಕಿ ಕೆಂಪುಮಿಶ್ರಿತ ಗಾಢ ಕಂದು, ಹುಡಿ ಬಹಳ ಕಡಿಮೆ. ಅಂದರೆ ಬೂಷ್ಟು ಒಳಗೆ ನುಗ್ಗಿತು, ಆದರೆ ಗಿಡ ತನ್ನ ಸುತ್ತಲಿನ ನಾಲ್ಕು ಕಣಗಳನ್ನು ತಾನೇ ಕೊಂದುಕೊಂಡು ಅದಕ್ಕೆ ಊಟ ಸಿಗದಂತೆ ಮಾಡಿತು. ಕಾಡಿಗೆ ಬೆಂಕಿ ಬಿದ್ದಾಗ ಸುತ್ತ ಒಂದು ಪಟ್ಟಿ ಕಡಿದು ಬೋಳು ಮಾಡುವುದಿಲ್ಲವೇ, ಹಾಗೆ. ಬೂಷ್ಟಿಗೆ ಜೀವಂತ ಎಲೆಯೇ ಬೇಕೆಂದು ಮೊದಲೇ ಹೇಳಿದ್ದು ಇದಕ್ಕಾಗಿ.

ಹೀಗೆ ಸೋಸಿದಾಗ ಇ.ಸಿ. 241778 ಮತ್ತು ಇ.ಸಿ. 241780 ಎಂಬ ಎರಡು ಸಾಲುಗಳು ಉಗಾರದಂತಹ ಜಾಗದಲ್ಲೂ ತುಕ್ಕಿಗೆ ತಲೆಬಾಗದೆ ನಿಂತವು.

ಹಾಗಾದರೆ ಅವನ್ನೇ ರೈತರಿಗೆ ಕೊಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಹೊರಗಿನಿಂದ ತಂದ ಗಿಡಕ್ಕೆ ಒಂದು ಗುಣವಿದ್ದರೆ ಹತ್ತು ಕೊರತೆಗಳಿರುವುದು ವಾಡಿಕೆ. ನಮ್ಮ ಹವೆಗೆ ಒಗ್ಗದೆ ತಡವಾಗಿ ಬಲಿಯಬಹುದು, ಬಳ್ಳಿಯಂತೆ ಮಲಗಬಹುದು, ಕಾಳು ಸಣ್ಣದಿರಬಹುದು, ಒಣಗಿದ ಕೂಡಲೇ ಕಾಯಿ ಸಿಡಿಯಬಹುದು. ಆದುದರಿಂದ ಜೆ.ಎಸ್. 335ರ ಇಳುವರಿಯನ್ನೂ ಇ.ಸಿ. ಸಾಲಿನ ತಾಳಿಕೆಯನ್ನೂ ಒಂದೇ ಗಿಡದಲ್ಲಿ ಕೂಡಿಸಬೇಕು. ಅದಕ್ಕೆ ಇರುವುದು ಸಂಕರ ಒಂದೇ.

ಸೋಯಾದ ಹೂವನ್ನು ನೋಡಿದವರಿಗೆ ಈ ಕೆಲಸದ ಕಷ್ಟ ಗೊತ್ತಾಗುತ್ತದೆ. ಹೂವು ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು, ಅಷ್ಟೆ. ಅದು ಅರಳುವ ಮೊದಲೇ ತನ್ನ ಹುಡಿಯನ್ನು ತನ್ನ ಮೇಲೆಯೇ ಉದುರಿಸಿಕೊಂಡು ಗರ್ಭ ಕಟ್ಟಿಬಿಡುತ್ತದೆ. ಆದ್ದರಿಂದ ನಾಳೆ ಅರಳಲಿರುವ ಮೊಗ್ಗನ್ನು ಇವತ್ತೇ ಹುಡುಕಿ, ಚಿಮಟದ ಮೊನೆಯಿಂದ ಎಸಳು ಬಿಡಿಸಿ, ಒಳಗಿನ ಹತ್ತು ಗಂಡು ಕೇಸರಗಳನ್ನು ನಡುವಿನ ಹೆಣ್ಣು ಭಾಗಕ್ಕೆ ಗಾಯವಾಗದಂತೆ ಕಿತ್ತು ತೆಗೆಯಬೇಕು. ಬಳಿಕ ತಂದೆ ಗಿಡದ ಹೂವಿನ ಹುಡಿಯನ್ನು ಅದರ ಮೇಲೆ ಸವರಬೇಕು. ನೂರು ಹೂವಿಗೆ ಮಾಡಿದರೆ ಎಷ್ಟೋ ಉದುರಿಹೋಗುತ್ತವೆ, ಉಳಿದವುಗಳಲ್ಲಿ ಕಾಯಿಗೆ ಎರಡು ಮೂರು ಕಾಳು. ತರಬೇತಿಯ ಸಮಯದಲ್ಲಿ ನಾನೂ ಒಂದು ದಿನ ಕೈಯಾಡಿಸಿ ನೋಡಿದ್ದೇನೆ. ಬೆಳಗ್ಗೆಯಿಂದ ಮಾಡಿದ ಹೂವುಗಳಲ್ಲಿ ಒಂದೂ ಕಾಯಿ ಕಟ್ಟಲಿಲ್ಲ. ಅಲ್ಲಿನ ಕೂಲಿ ಹೆಣ್ಣುಮಕ್ಕಳು ಮಾಡಿದ್ದು ಮಾತ್ರ ಕಟ್ಟಿತ್ತು.

ಸಿಕ್ಕಿದ ಕಾಳು ನಿಜವಾಗಿ ಸಂಕರವೋ, ಅಥವಾ ಕೈತಪ್ಪಿ ತಾಯಿಯೇ ತನ್ನ ಹುಡಿಯಿಂದ ಕಟ್ಟಿಕೊಂಡದ್ದೋ ಎಂದು ತಿಳಿಯಲು ಒಂದು ಸುಲಭ ಉಪಾಯವುಂಟು. ತಾಯಿ ಬಿಳಿ ಹೂವಿನದು, ತಂದೆ ನೇರಳೆ ಹೂವಿನದು ಎಂದಾದರೆ, ಹುಟ್ಟಿದ ಗಿಡ ನೇರಳೆ ಹೂ ಬಿಟ್ಟರೆ ಅದು ಸಂಕರ, ಬಿಳಿ ಬಿಟ್ಟರೆ ಅಲ್ಲ. ನೇರಳೆಯ ಗುಣ ಬಿಳಿಯನ್ನು ಮುಚ್ಚುತ್ತದೆ.

ತುಕ್ಕನ್ನು ತಡೆಯುವ ಗುಣವೂ ಒಂದೇ ಅಂಶದಿಂದ ಬಂದದ್ದಾದರೆ ಹೀಗೆಯೇ ನಡೆಯುತ್ತದೆ. ಮೊದಲ ತಲೆಮಾರಿನ ಗಿಡಗಳೆಲ್ಲ ತುಕ್ಕನ್ನು ತಡೆಯುತ್ತವೆ. ಇಲ್ಲಿಗೆ ಕೆಲಸ ಮುಗಿಯಿತೆಂದು ತಿಳಿದರೆ ಮೋಸಹೋದಂತೆ. ಅವುಗಳ ಬೀಜ ಬಿತ್ತಿ ಎರಡನೆಯ ತಲೆಮಾರು ನೋಡಿದರೆ, ಪ್ರತಿ ಹದಿನಾರು ಗಿಡಗಳಲ್ಲಿ ಸುಮಾರು ಹನ್ನೆರಡು ತಡೆಯುತ್ತವೆ, ನಾಲ್ಕು ಸೋಲುತ್ತವೆ. ಆ ಹನ್ನೆರಡರಲ್ಲಿಯೂ ಎಂಟು ಗಿಡಗಳು ಒಳಗೊಳಗೆ ಬೆರಕೆ. ಹೊರಗೆ ಗಟ್ಟಿಯಾಗಿ ಕಾಣುತ್ತವೆ, ಮಕ್ಕಳ ಕಾಲಕ್ಕೆ ಮತ್ತೆ ಸೋಲುವವು ಹುಟ್ಟುತ್ತವೆ. ಶುದ್ಧವಾದವು ನಾಲ್ಕೇ. ಯಾವ ನಾಲ್ಕು ಎಂಬುದು ನೋಡಿದರೆ ಗೊತ್ತಾಗದು. ಪ್ರತಿಯೊಂದು ಗಿಡದ ಬೀಜವನ್ನು ಬೇರೆ ಬೇರೆ ಚೀಲದಲ್ಲಿಟ್ಟು, ಮುಂದಿನ ಸಲ ಬೇರೆ ಬೇರೆ ಸಾಲಿನಲ್ಲಿ ಬಿತ್ತಿ, ಯಾವ ಸಾಲಿನ ಎಲ್ಲ ಗಿಡಗಳೂ ತಡೆದವು ಎಂದು ನೋಡಿಯೇ ತಿಳಿಯಬೇಕು. ಅದರ ಜೊತೆಗೆ ಇಳುವರಿ, ಎತ್ತರ, ಬಲಿಯುವ ದಿನ, ಕಾಳಿನ ಬಣ್ಣ ಎಲ್ಲವನ್ನೂ ಹೊಂದಿಸಬೇಕು. ಆರೇಳು ತಲೆಮಾರು ಹೀಗೆ ಆರಿಸುತ್ತ ಹೋದಾಗ ಸಾಲು ಸ್ಥಿರವಾಗುತ್ತದೆ. ಈಗ ಎಲೆಯ ಚೂರನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿ, ಆ ಅಂಶ ಗಿಡದಲ್ಲಿ ಇದೆಯೇ ಇಲ್ಲವೇ ಎಂದು ಸಸಿಯಲ್ಲೇ ಹೇಳುವ ವಿಧಾನವೂ ಬಂದಿದೆ. ಅದರಿಂದ ಸಮಯ ಉಳಿಯುತ್ತದೆ. ಆದರೆ ಕೊನೆಯ ತೀರ್ಪು ಹೊಲದ್ದೇ.

ಅಷ್ಟಾದ ಮೇಲೆ ಇಂದೋರಿನ ಸೋಯಾ ಸಂಶೋಧನಾ ಸಂಸ್ಥೆಯ ಮೇಲ್ವಿಚಾರಣೆಯಲ್ಲಿ ದೇಶದ ಹಲವು ಕಡೆ ಮೂರು ವರ್ಷಗಳ ಪರೀಕ್ಷೆ. ಅದರಲ್ಲಿ ಗೆದ್ದರೆ ಬಿಡುಗಡೆ. ಧಾರವಾಡದವರು ಜೆ.ಎಸ್. 335ನ್ನು ಇಂತಹ ನಿರೋಧಕ ಇ.ಸಿ. ಸಾಲಿನೊಂದಿಗೆ ಸಂಕರಿಸಿ ಪಡೆದ ಡಿ.ಎಸ್.ಬಿ. 21 ಎಂಬ ತಳಿ 2010ರ ದಶಕದಲ್ಲಿ ರೈತರ ಕೈಗೆ ಬಂತು. ಗಡಿಯಾಚೆ ಸಾಂಗಲಿ ಜಿಲ್ಲೆಯ ಕಸಬೆ ದಿಗ್ರಜದಲ್ಲಿಯೂ ಇದೇ ಗುರಿಯಿಂದ ಫುಲೆ ಅಗ್ರಣಿ, ಫುಲೆ ಸಂಗಮ ಎಂಬ ತಳಿಗಳನ್ನು ಕಟ್ಟಿದರು. ಒಂದೇ ಹೊಳೆಯ ಕಣಿವೆ, ಒಂದೇ ರೋಗ.

ಆದರೆ ತಳಿ ಬಿಡುಗಡೆಯಾದ ಮರುದಿನವೇ ರೈತನಿಗೆ ಬೀಜ ಸಿಗುವುದಿಲ್ಲ. ತಳಿ ಕಟ್ಟಿದವರಲ್ಲಿರುವ ಬೀಜದಿಂದ ಮೂಲ ಬೀಜ, ಅದರಿಂದ ಪ್ರಮಾಣಿತ ಬೀಜ ಆಗಬೇಕು. ರಾಗಿಯಾದರೆ ಹಿಡಿ ಬೀಜದಿಂದ ಗದ್ದೆ ತುಂಬುತ್ತದೆ. ಸೋಯಾಕ್ಕೆ ಎಕರೆಗೆ 25ರಿಂದ 30 ಕಿಲೋ ಬೀಜ ಬೇಕು, ಆದುದರಿಂದ ಬೀಜ ಹೆಚ್ಚುವುದು ನಿಧಾನ. ಮೇಲಾಗಿ ಸೋಯಾ ಬೀಜದ ಸಿಪ್ಪೆ ತೆಳು. ಬಡಿಯುವಾಗ ಪೆಟ್ಟು ತಿಂದರೆ, ಸೆಖೆಯಲ್ಲಿ ಇಟ್ಟರೆ, ಮೊಳಕೆಯ ಶಕ್ತಿ ಬೇಗ ಹೋಗುತ್ತದೆ. ಒಳ್ಳೆಯ ತಳಿ ಕಾಗದದ ಮೇಲೆ ಇದ್ದರೂ ಹಳೆಯ ತಳಿಯೇ ಹೊಲದಲ್ಲಿ ಮುಂದುವರಿಯಲು ಇದೊಂದು ಕಾರಣ. ಎಲ್ಲ ತಪ್ಪನ್ನೂ ರೈತನ ಹಟದ ಮೇಲೆ ಹೊರಿಸುವುದು ನಮ್ಮಂಥವರಿಗೆ ಅಭ್ಯಾಸವಾಗಿದೆ. ಅದು ಸರಿಯಲ್ಲವೆಂದು ನನ್ನ ಅಭಿಪ್ರಾಯ.

ಇನ್ನೊಂದು ಮಾತು. ಗಿಡ ಬುದ್ಧಿವಂತನಾದರೆ ಬೂಷ್ಟೂ ಬುದ್ಧಿವಂತನೇ. ಒಂದೇ ಅಂಶದಿಂದ ಬಂದ ತಾಳಿಕೆಯನ್ನು ದಾಟುವ ಹೊಸ ಬಣ ಬೂಷ್ಟಿನಲ್ಲಿ ಒಂದು ದಿನ ಹುಟ್ಟಬಹುದು. ಇದಕ್ಕೆ ಉದಾಹರಣೆ ಹುಡುಕಲು ದೂರ ಹೋಗಬೇಕಾಗಿಲ್ಲ, ಘಟ್ಟ ಹತ್ತಿದರೆ ಸಾಕು. ಮಂಗಳೂರಿನ ಕಾಫಿ ಸಂಸ್ಕರಣ ಶಾಲೆಗಳಿಗೆ ಕಾಫಿ ಬರುತ್ತಿದ್ದ ಚಿಕ್ಕಮಗಳೂರಿನ ತೋಟಗಳಲ್ಲಿ ನಡೆದದ್ದನ್ನು ಹೇಳುತ್ತೇನೆ. ಕಾಫಿಯ ತುಕ್ಕು 1869ರಲ್ಲಿ ಸಿಂಹಳದಲ್ಲಿ ಕಾಣಿಸಿ ಅಲ್ಲಿನ ಕಾಫಿಯನ್ನೇ ಮುಗಿಸಿತು, ಅಲ್ಲಿಯವರು ಚಹಾಕ್ಕೆ ತಿರುಗಿದರು. ನಮ್ಮ ಕಡೆಗೂ ಅದೇ ರೋಗ ಬಂತು. 1911ರಲ್ಲಿ ಕೆಂಟ್ ಎಂಬ ತೋಟಗಾರರು ತುಕ್ಕು ಹಿಡಿಯದ ಒಂದು ಗಿಡವನ್ನು ಗುರುತಿಸಿ ಅದರ ಬೀಜ ಹೆಚ್ಚಿಸಿದರು. ಕೆಂಟ್ ಕಾಫಿ ಎಲ್ಲೆಲ್ಲೂ ಹಬ್ಬಿತು. ಕೆಲವು ವರ್ಷಗಳ ಬಳಿಕ ಅದಕ್ಕೂ ತುಕ್ಕು ಹಿಡಿಯಿತು. 1925ರಲ್ಲಿ ಬಾಳೆಹೊನ್ನೂರಿನ ಬಳಿ ಸಂಶೋಧನಾ ಕೇಂದ್ರ ಆರಂಭವಾಯಿತು. ಕಾಫಿಯ ತುಕ್ಕು ಒಂದೇ ಅಲ್ಲ, ಅದರಲ್ಲಿ ಬೇರೆ ಬೇರೆ ಬಣಗಳಿವೆ ಎಂದು ಅಲ್ಲಿ ಡಾ. ಮೇನ್ ಎಂಬವರು 1930ರ ದಶಕದಲ್ಲಿ ತೋರಿಸಿಕೊಟ್ಟರು. ಕೆಂಟ್ ಗಿಡ ಹಳೆಯ ಬಣವನ್ನು ತಡೆಯುತ್ತಿತ್ತು, ಹೊಸದನ್ನು ತಡೆಯಲಿಲ್ಲ. ಆಮೇಲೆ ಎಸ್. 288 ಮತ್ತು ಕೆಂಟ್ ಇವೆರಡರ ಸಂಕರದಿಂದ ಎಸ್. 795 ಬಂತು. ಕಾಲಾಂತರದಲ್ಲಿ ಅದಕ್ಕೂ ತುಕ್ಕು ಸೋಂಕಿತು. ಹೀಗಿದ್ದರೂ ಬೆಳೆಗಾರರು ಅದನ್ನು ಬಿಟ್ಟಿಲ್ಲ, ಇಳುವರಿ ಮತ್ತು ರುಚಿ ಅಂಥದು.

ಸೋಯಾದಲ್ಲಿಯೂ ಹೀಗೆಯೇ. ತುಕ್ಕನ್ನು ತಡೆಯುವ ಅಂಶಗಳಿಗೆ ವಿಜ್ಞಾನಿಗಳು ಒಂದು, ಎರಡು, ಮೂರು ಎಂದು ಕ್ರಮಸಂಖ್ಯೆ ಕೊಟ್ಟಿದ್ದಾರೆ. ಮೂರನೆಯದು ಸಿಕ್ಕಿದ್ದು ಅಂಕುರ ಎಂಬ ನಮ್ಮ ದೇಶದ ತಳಿಯಲ್ಲಿ. ಈ ರೋಗ 2001ರಲ್ಲಿ ದಕ್ಷಿಣ ಅಮೆರಿಕದಲ್ಲಿ ಕಾಣಿಸಿತು, 2004ರಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನಕ್ಕೆ ಹಾರಿತು. ಬ್ರಾಜಿಲಿನಲ್ಲಿ ಮೊದಲು ಉಪಯೋಗಕ್ಕೆ ಬಂದ ಒಂದೆರಡು ಅಂಶಗಳನ್ನು ಬೂಷ್ಟು ಕೆಲವೇ ವರ್ಷಗಳಲ್ಲಿ ದಾಟಿಬಿಟ್ಟಿತು. ಆದುದರಿಂದ ಈಗ ಎರಡು ಮೂರು ಅಂಶಗಳನ್ನು ಒಂದೇ ತಳಿಯಲ್ಲಿ ಕೂಡಿಸುವ ಪ್ರಯತ್ನ ನಡೆಯುತ್ತಿದೆ. ಒಂದು ಬೀಗದ ಬಾಗಿಲಿಗಿಂತ ಮೂರು ಬೀಗದ ಬಾಗಿಲು ಕಳ್ಳನಿಗೆ ಕಷ್ಟ. 2016ರಲ್ಲಿ ಇನ್ನೊಂದು ಸುದ್ದಿ ಬಂತು: ತೊಗರಿಯಲ್ಲಿರುವ ಒಂದು ಅಂಶವನ್ನು ಪ್ರಯೋಗಶಾಲೆಯಲ್ಲಿ ಸೋಯಾಕ್ಕೆ ಸೇರಿಸಿದಾಗ ಅದು ತುಕ್ಕನ್ನು ತಡೆಯಿತು. ನಮ್ಮ ಸಾರಿನ ತೊಗರಿಯೇ! ತೊಗರಿಯನ್ನೂ ಸೋಯಾವನ್ನೂ ಹೂವಿನಿಂದ ಹೂವಿಗೆ ಸಂಕರ ಮಾಡಲು ಬರುವುದಿಲ್ಲ, ಆದ್ದರಿಂದ ಪ್ರಯೋಗಶಾಲೆಯ ದಾರಿ ಹಿಡಿದರು.

ಈಗ ನಮ್ಮ ಅಲಸಂಡೆಗೆ ಬರುವ. ಅಲಸಂಡೆಯ ತುಕ್ಕಿನ ಬೂಷ್ಟು ಬೇರೆ ಜಾತಿಯದು, ಸೋಯಾದ ಬೀಜ ತಂದು ಇಲ್ಲಿ ಬಿತ್ತಿದರೆ ಪ್ರಯೋಜನವಿಲ್ಲ. ಆದರೆ ಆರಿಸುವ ಕ್ರಮ ಒಂದೇ. ಅಲಸಂಡೆಯೂ ಹೆಚ್ಚಾಗಿ ತನ್ನ ಹುಡಿಯಿಂದಲೇ ಕಾಯಿ ಕಟ್ಟುವ ಗಿಡ. ಹಾಗಾಗಿ ಒಂದು ಗಿಡದ ಗುಣ ಅದರ ಬೀಜದಲ್ಲಿ ಬಹುಮಟ್ಟಿಗೆ ಉಳಿಯುತ್ತದೆ. ನಮ್ಮ ಹಳ್ಳಿಗಳಲ್ಲಿ ಮನೆಮನೆಯಲ್ಲೂ ಬೀಜ ಇಟ್ಟುಕೊಳ್ಳುವ ಪದ್ಧತಿ ಇರುವುದರಿಂದ ಒಂದೊಂದು ಮನೆಯ ಅಲಸಂಡೆಯೂ ಸ್ವಲ್ಪ ಬೇರೆ. ಈ ಬೆರಕೆಯಲ್ಲೇ ತುಕ್ಕನ್ನು ತಕ್ಕಮಟ್ಟಿಗೆ ತಡೆಯುವ ಗಿಡ ಇರುವ ಸಂಭವವಿದೆ. ಅಂಗಡಿಯ ಪೊಟ್ಟಣದ ಬೀಜವೆಲ್ಲ ಒಂದೇ ಬಗೆ, ಅದರಲ್ಲಿ ಆರಿಸುವುದಕ್ಕೆ ಏನೂ ಇರುವುದಿಲ್ಲ.

ಹೆಚ್ಚಿನವರು ಮಾಡುವುದೇನು? ಚೆನ್ನಾಗಿ ಬಂದ ಕಾಯಿಗಳನ್ನು ಮೊದಲು ಕೊಯ್ದು ಪೇಟೆಗೆ ಕಳುಹಿಸಿ, ಕೊನೆಗೆ ಬಳ್ಳಿಯಲ್ಲಿ ಉಳಿದ ಕಾಯಿಯನ್ನು ಒಣಗಿಸಿ ಬೀಜಕ್ಕಿಡುವುದು. ಆ ಹೊತ್ತಿಗೆ ಯಾವ ಗಿಡಕ್ಕೆ ತುಕ್ಕು ಬಂದಿತ್ತು, ಯಾವುದಕ್ಕೆ ಇಲ್ಲ ಎಂಬ ಲೆಕ್ಕವೇ ಇರುವುದಿಲ್ಲ.

ಅದರ ಬದಲು, ತುಕ್ಕು ಜೋರಾಗಿರುವಾಗ, ಬೆಳಗ್ಗೆ ಇಬ್ಬನಿ ಆರಿದ ಮೇಲೆ, ಸಾಲಿನಲ್ಲಿ ನಡೆದು ಪ್ರತಿಯೊಂದು ಬಳ್ಳಿಯ ಕೆಳಗಿನ ಎಲೆಗಳನ್ನು ಮಗುಚಿ ನೋಡಿರಿ. ಹುಡಿಯಿಲ್ಲದ ಬಳ್ಳಿಯ ಆಸರೆಯ ಕೋಲಿಗೆ ಒಂದು ಬಣ್ಣದ ಬಟ್ಟೆ ಕಟ್ಟಿರಿ. ಒಂದು ವಾರ ಬಿಟ್ಟು ಮತ್ತೆ ನೋಡಿರಿ. ಎರಡನೆಯ ಸಲವೂ ಶುದ್ಧವಾಗಿದ್ದರೆ ಬಟ್ಟೆ ಇರಲಿ, ಇಲ್ಲದಿದ್ದರೆ ಬಿಚ್ಚಿರಿ.

ಇಲ್ಲಿ ಒಂದು ಮೋಸವುಂಟು, ನಾನೇ ಅದಕ್ಕೆ ಸಿಕ್ಕಿಬಿದ್ದವನು. ಕೆಲಸಕ್ಕೆ ಸೇರಿದ ಮೊದಲ ವರ್ಷ ಒಬ್ಬರ ಗದ್ದೆಯಲ್ಲಿ ಇಂತಹ ಆರು ಬಳ್ಳಿಗಳನ್ನು ಆರಿಸಿ ದೊಡ್ಡ ಸಾಧನೆ ಮಾಡಿದವನಂತೆ ಬೀಜ ಕಟ್ಟಿಟ್ಟೆ. ಮರುವರ್ಷ ಬಿತ್ತಿದರೆ ಆರಕ್ಕೆ ಆರೂ ಸಾಲುಗಳಲ್ಲಿ ತುಕ್ಕು! ಆಮೇಲೆ ಆ ಮನೆಯ ಅಜ್ಜ ನಗುತ್ತ ಹೇಳಿದರು, "ನೀವು ಆರಿಸಿದ್ದೆಲ್ಲ ಬದುವಿನ ಬದಿಯದ್ದಲ್ಲವಾ? ಅಲ್ಲಿಗೆ ಬಿಸಿಲೂ ಗಾಳಿಯೂ ಬೇಗ ಬರುತ್ತದೆ, ಎಲೆ ಬೇಗ ಒಣಗುತ್ತದೆ." ಅವರ ಮಾತು ನೂರಕ್ಕೆ ನೂರು ಸರಿ. ಆ ಬಳ್ಳಿಗಳು ರೋಗವನ್ನು ಗೆದ್ದದ್ದಲ್ಲ, ರೋಗದ ಕಣ್ಣು ತಪ್ಪಿಸಿಕೊಂಡದ್ದು. ಆದುದರಿಂದ ಗದ್ದೆಯ ನಡುವಿನ, ಎರಡೂ ಕಡೆ ತುಕ್ಕು ಹಿಡಿದ ಬಳ್ಳಿಗಳ ಮಧ್ಯೆ ನಿಂತಿರುವ ಶುದ್ಧ ಬಳ್ಳಿಯನ್ನೇ ಆರಿಸಬೇಕು. ತಡವಾಗಿ ಹುಟ್ಟಿದ ಎಳೆ ಬಳ್ಳಿಯನ್ನೂ ನಂಬಬೇಡಿರಿ.

ಬಟ್ಟೆ ಕಟ್ಟಿದ ಬಳ್ಳಿಯಲ್ಲಿ ಉದ್ದವಾದ, ರುಚಿಯಾದ ಕಾಯಿ ಬಿಡುವುದನ್ನು ಮಾತ್ರ ಉಳಿಸಿಕೊಳ್ಳಿರಿ. ಕಂಕನಾಡಿಯ ಮಾರುಕಟ್ಟೆಯಲ್ಲಿ ತುಕ್ಕಿನ ಲೆಕ್ಕ ಯಾರೂ ಕೇಳುವುದಿಲ್ಲ, ಕಾಯಿಯನ್ನು ನೋಡಿ ಕ್ರಯ ಕೊಡುತ್ತಾರೆ. ಆ ಬಳ್ಳಿಯ ನಾಲ್ಕೈದು ಕಾಯಿಗಳನ್ನು ಕೊಯ್ಯದೆ ಬಲಿಯಲು ಬಿಡಿರಿ. ಒಂದೊಂದು ಬಳ್ಳಿಯ ಬೀಜ ಒಂದೊಂದು ಕಟ್ಟು. ಬೆರೆಸಿದರೆ ಇಡೀ ಶ್ರಮ ವ್ಯರ್ಥ. ಮುಂದಿನ ಬೆಳೆಗೆ ಪ್ರತಿ ಕಟ್ಟಿಗೂ ಒಂದು ಸಾಲು, ನಡುವೆ ಒಂದು ಸಾಲು ತುಕ್ಕು ಹಿಡಿಯುವ ನಿಮ್ಮ ಹಳೆಯ ಬೀಜ. ಉಗಾರದಲ್ಲಿ ಮಾಡಿದ್ದು ಇದನ್ನೇ. ಯಾವ ಸಾಲಿನಲ್ಲಿ ಬಳ್ಳಿಗಳೆಲ್ಲ ತಕ್ಕಮಟ್ಟಿಗೆ ಶುದ್ಧವಾಗಿರುತ್ತವೆಯೋ ಅದರ ಬೀಜ ಇಟ್ಟುಕೊಂಡು ಉಳಿದದ್ದನ್ನು ಪಲ್ಯ ಮಾಡಿರಿ. ಎರಡು ಮೂರು ವರ್ಷ ಬೇಕು. ಒಂದು ಚುಕ್ಕಿಯೂ ಬಾರದ ತಳಿ ಸಿಗುತ್ತದೆಂದು ನಾನು ಭರವಸೆ ಕೊಡುವುದಿಲ್ಲ. ತುಕ್ಕು ಹದಿನೈದು ದಿನ ತಡವಾಗಿ ಬಂದರೂ ಅಷ್ಟು ದಿನದ ಕೊಯ್ಲು ಹೆಚ್ಚು ಸಿಕ್ಕಿದಂತೆ, ಔಷಧದ ಖರ್ಚು ಉಳಿದಂತೆ.

ಬೆಳೆ ಮುಗಿದ ಮೇಲೆ ರೋಗದ ಬಳ್ಳಿಗಳನ್ನು ಚಪ್ಪರದಲ್ಲೇ ಹಸಿಯಾಗಿ ಬಿಡಬೇಡಿರಿ. ಕಿತ್ತು ಸುಟ್ಟುಬಿಡಿ ಅಥವಾ ಆಳವಾದ ಗುಂಡಿಯಲ್ಲಿ ಹೂಳಿರಿ. ಹಸಿ ಎಲೆ ಇರುವಷ್ಟು ದಿನ ಬೂಷ್ಟಿಗೆ ಮನೆ ಇದ್ದಂತೆ. ಮನೆಯ ಹಿತ್ತಿಲಿನಲ್ಲಿ ಒಂದು, ಗದ್ದೆಯಲ್ಲಿ ಒಂದು ಎಂದು ವರ್ಷವಿಡೀ ಅಲಸಂಡೆ ಇದ್ದರೆ ರೋಗಕ್ಕೂ ವರ್ಷವಿಡೀ ಊಟ.

ಆ ಅಕ್ಕನವರ ಗದ್ದೆಗೆ ಮಾರ್ಚಿಯಲ್ಲಿ ಮತ್ತೆ ಹೋಗಿ ಇದನ್ನೆಲ್ಲ ಹೇಳಿದೆ. ಆಗಲೇ ಬೆಳೆ ಮುಗಿಯುತ್ತ ಬಂದಿತ್ತು. ನಡುಗದ್ದೆಯಲ್ಲಿ ಮೂರು ಬಳ್ಳಿಗಳು ಸಿಕ್ಕಿದವು. ಹಳೆಯ ಸೀರೆಯ ಅಂಚು ಹರಿದು ಅವರೇ ಕಟ್ಟಿದರು. ಮೂರು ಬಳ್ಳಿಗಳ ಬೀಜವನ್ನು ಚೆನ್ನಾಗಿ ಒಣಗಿಸಿ, ಒಲೆಯ ಬೂದಿ ಬೆರೆಸಿ, ಮೂರು ಬಾಟಲಿಗಳಲ್ಲಿ ತುಂಬಿ ಅಟ್ಟದ ಮೇಲೆ ಇಟ್ಟಿದ್ದಾರೆ. ಬರುವ ಏಣೆಲು ಕೊಯ್ಲಾದ ಮೇಲೆ ಮೂರು ಸಾಲು ಹಾಕುವುದೆಂದು ತೀರ್ಮಾನವಾಗಿದೆ. ನಿಮ್ಮಲ್ಲಿಯೂ ಬಟ್ಟೆ ಕಟ್ಟಿದ ಬಳ್ಳಿಯ ಬೀಜವಿದ್ದರೆ, ಬಳ್ಳಿ ಗದ್ದೆಯ ಯಾವ ಜಾಗದಲ್ಲಿತ್ತು, ಯಾವ ತಿಂಗಳಲ್ಲಿ ನೋಡಿದ್ದು ಎಂದು ಒಂದು ಚೀಟಿಯಲ್ಲಿ ಬರೆದು ಅದರೊಂದಿಗೆ ಹತ್ತು ಕಾಳು ನನಗೆ ಕೊಡಿರಿ. ಎಲ್ಲವನ್ನೂ ಒಂದೇ ಗದ್ದೆಯಲ್ಲಿ ಪಕ್ಕಪಕ್ಕದಲ್ಲಿ ಹಾಕಿ ನೋಡುವ. ಗದ್ದೆಯಲ್ಲಿ ಜಾಗ ಕೊಡುತ್ತೇನೆಂದು ಅಕ್ಕನವರು ಒಪ್ಪಿದ್ದಾರೆ.